ಸಾಕ್ಸ್ ಅಂದ್ರೆ ಕಾಲುಚೀಲ ಅಲ್ಲ: ದನಿ ದಾಟಿಸುವ ಒಂದು ಸಾಧನದ ಕಥೆ

ಹಲಕುಂದಿಯಲ್ಲಾಗಲಿ, ಕುರುಗೋಡಿನಲ್ಲಾಗಲಿ, ಸಿರುಗುಪ್ಪದ ಕಾಲುವೆ ಬದಿಯ ಯಾವುದೇ ಊರಲ್ಲಾಗಲಿ, ನಾಲ್ಕು ಮನೆ ವಿಚಾರಿಸಿದರೆ ಒಂದು ಮನೆಯ ಟ್ರಂಕಿನಲ್ಲೋ ಗೂಡಿನಲ್ಲೋ ಹಳೇ ಕೀಪ್ಯಾಡ್ ಫೋನ್ ಸಿಕ್ಕೇ ಸಿಗುತ್ತದೆ. ಬ್ಯಾಟರಿ ಉಬ್ಬಿರುತ್ತದೆ. ಬೆನ್ನಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಸುತ್ತಿರುತ್ತಾರೆ. ಒಳಗೆ ಉಗುರಿನಷ್ಟು ಒಂದು ಮೆಮೊರಿ ಕಾರ್ಡ್. ಅದರಲ್ಲಿ ತೀರಿಹೋದ ಅಜ್ಜಿಯ ಸೋಬಾನೆ ಪದ ಇರಬಹುದು. ಊರ ಬಯಲಾಟದ ಒಂದು ರಾತ್ರಿ ಇರಬಹುದು. ಅಲಾಯಿ ಕುಣಿಯುವಾಗ ಹಾಡಿದ ಪದ ಇರಬಹುದು.

ಆ ಕಾರ್ಡನ್ನು ತೆಗೆದು ಕಂಪ್ಯೂಟರಿಗೆ ಹಾಕಿ ನೋಡಿ. ಫೈಲ್ ಕಾಣುತ್ತದೆ, ತೆರೆಯುವುದಿಲ್ಲ. ಹೊಸ ಫೋನಿಗೆ ಹಾಕಿದರೆ ಒಂದರಲ್ಲಿ ಹಾಡುತ್ತದೆ, ಇನ್ನೊಂದರಲ್ಲಿ ಮೂಕ. ಫೈಲಿನ ಹೆಸರಿನ ಬಾಲದಲ್ಲಿ ‘ಎಎಂಆರ್’ ಅಂತಲೋ ‘3ಜಿಪಿ’ ಅಂತಲೋ ಇರುತ್ತದೆ. ದನಿ ಒಳಗೇ ಇದೆ, ಬೀಗದ ಕೈ ಮಾತ್ರ ಕಳೆದುಹೋಗಿದೆ.

ಇಂಥ ಬೀಗ ತೆಗೆಯುವ ಕೆಲಸಕ್ಕೆ 1991ರಿಂದ ಒಂದು ಪುಟ್ಟ ತಂತ್ರಾಂಶ ಇದೆ. ಅದರ ಹೆಸರು ಸಾಕ್ಸ್. ಕಾಲುಚೀಲಕ್ಕೂ ಅದಕ್ಕೂ ಸಂಬಂಧ ಇಲ್ಲ. ‘ಸೌಂಡ್ ಎಕ್ಸ್‌ಚೇಂಜ್’ ಎಂಬ ಎರಡು ಪದ ಮೊಟಕಾಗಿ ಸಾಕ್ಸ್ ಆಗಿದೆ. ನೋಟು ಕೊಟ್ಟು ಚಿಲ್ಲರೆ ಪಡೆಯುತ್ತೀವಲ್ಲ, ಹಾಗೆ ಒಂದು ಬಗೆಯ ಧ್ವನಿ ಫೈಲು ಕೊಟ್ಟು ಇನ್ನೊಂದು ಬಗೆಯದ್ದು ಪಡೆಯುವುದು. ಇದಕ್ಕೆ ಒತ್ತುವ ಗುಂಡಿಗಳಿಲ್ಲ, ಬಣ್ಣದ ಚಿತ್ರಗಳಿಲ್ಲ. ಕರಿ ಪರದೆಯ ಮೇಲೆ ಒಂದು ಸಾಲು ಬರೆದು ಎಂಟರ್ ಹೊಡೆಯಬೇಕು. ಇಂಥವನ್ನು ಕಮಾಂಡ್ ಲೈನ್ ಸಾಧನ ಅನ್ನುತ್ತಾರೆ. ನೋಡಲು ಏನೂ ಚೆಂದ ಇಲ್ಲದ್ದರಿಂದ ಇದರ ಬಗ್ಗೆ ಕನ್ನಡದಲ್ಲಿ ಬರೆದವರೂ ಕಡಿಮೆ. ಆದರೆ ನಮ್ಮ ಜಿಲ್ಲೆಯ ದನಿಗಳ ಕಥೆ ಹೇಳಹೊರಟರೆ ಇದನ್ನು ಬಿಟ್ಟು ಹೇಳಲಾಗದು. ಯಾಕೆ ಅನ್ನುವುದನ್ನು ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಮೊದಲು ಕಂಪ್ಯೂಟರಿನೊಳಗೆ ದನಿ ಹೇಗೆ ಕೂರುತ್ತದೆ ಅನ್ನುವುದು. ದನಿ ಅಂದರೆ ಗಾಳಿಯ ಅಲೆ. ಕಂಪ್ಯೂಟರಿಗೆ ಅಲೆ ಅರ್ಥವಾಗುವುದಿಲ್ಲ, ಅಂಕಿ ಅರ್ಥವಾಗುತ್ತದೆ. ಅದಕ್ಕೆ ಒಂದು ಸೆಕೆಂಡಿನಲ್ಲಿ ಸಾವಿರಾರು ಸಲ ಅಲೆಯ ಎತ್ತರ ಅಳೆದು ಬರೆದಿಟ್ಟುಕೊಳ್ಳುತ್ತದೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ. ಹಳೇ ಟೆಲಿಫೋನಿನಲ್ಲಿ 8,000 ಸಲ. ಅಳತೆ ಹೆಚ್ಚಿದಷ್ಟೂ ದನಿ ನಿಚ್ಚಳ, ಫೈಲೂ ಅಷ್ಟೇ ಭಾರ. ಸಿ.ಡಿ. ಗುಣಮಟ್ಟದಲ್ಲಿ ಒಂದು ನಿಮಿಷಕ್ಕೆ 10 ಎಂ.ಬಿ.ಗೂ ಹೆಚ್ಚು ಜಾಗ ಬೇಕು. ಎಂಟು ತಾಸಿನ ಬಯಲಾಟಕ್ಕೆ ಸುಮಾರು 5 ಜಿ.ಬಿ. ಆಗ ನಮ್ಮ ಹತ್ತಿರ ಇದ್ದದ್ದು 1 ಜಿ.ಬಿ., 2 ಜಿ.ಬಿ. ಕಾರ್ಡು. ಅದರಲ್ಲೇ ಸಿನಿಮಾ ಹಾಡೂ ಇರಬೇಕು, ಮಗನ ಫೋಟೋನೂ ಇರಬೇಕು.

ಆ ಇಕ್ಕಟ್ಟಿಗೆ ಫೋನ್ ಮಾಡುವವರು ಕಂಡುಕೊಂಡ ದಾರಿಯೇ ಎಎಂಆರ್. 1990ರ ದಶಕದ ಕೊನೆಯಲ್ಲಿ ಮೊಬೈಲ್ ಕರೆಗಳಿಗಾಗಿ ರೂಪುಗೊಂಡ ವಿಧಾನ ಇದು. ಸೆಕೆಂಡಿಗೆ 8,000 ಅಳತೆ, ಅದನ್ನೂ ಹಿಂಡಿ ಹಿಂಡಿ ಹೆಚ್ಚೆಂದರೆ ಸೆಕೆಂಡಿಗೆ 12,200 ಬಿಟ್‌ಗೆ ಇಳಿಸುತ್ತದೆ. ಲೆಕ್ಕ ಹಾಕಿದರೆ ಒಂದು ನಿಮಿಷಕ್ಕೆ 92 ಕೆ.ಬಿ. ಎಂಟು ತಾಸಿನ ಬಯಲಾಟ 44 ಎಂ.ಬಿ.ಯಲ್ಲಿ ಮುಗಿದೇಹೋಯಿತು. ಐದು ಜಿ.ಬಿ. ಎಲ್ಲಿ, 44 ಎಂ.ಬಿ. ಎಲ್ಲಿ! ಹಾಗಾಗಿ ಹಳ್ಳಿಯ ಜನ ಮೊಟ್ಟಮೊದಲ ಬಾರಿಗೆ ಯಾರ ಹಂಗೂ ಇಲ್ಲದೆ, ಆಕಾಶವಾಣಿಯವರು ಬರಲಿ ಅಂತ ಕಾಯದೆ, ತಮ್ಮ ದನಿಯನ್ನು ತಾವೇ ಹಿಡಿದಿಟ್ಟುಕೊಂಡದ್ದು ಈ ಎಎಂಆರ್ ಎಂಬ ಸಣ್ಣ ಡಬ್ಬಿಯಲ್ಲಿ. ಅದರ ಬೆಲೆ ಏನಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ.

ಈಗ 1991ಕ್ಕೆ ಹೋಗೋಣ.

ಆಗ ಕಂಪ್ಯೂಟರ್ ಕಂಪನಿಗಳೆಲ್ಲ ತಮ್ಮ ತಮ್ಮ ಯಂತ್ರಕ್ಕೆ ದನಿ ಕೂರಿಸುತ್ತಿದ್ದ ಕಾಲ. ಸನ್ ಕಂಪನಿಯ ಯಂತ್ರದಲ್ಲಿ ಒಂದು ಬಗೆಯ ಫೈಲು, ಅಮಿಗಾದಲ್ಲಿ ಇನ್ನೊಂದು, ಆಪಲ್ ಮ್ಯಾಕಿನಲ್ಲಿ ಮತ್ತೊಂದು, ಪಿ.ಸಿ.ಗೆ ಹಾಕುವ ಸೌಂಡ್ ಬ್ಲಾಸ್ಟರ್ ಕಾರ್ಡಿನಲ್ಲಿ ಮಗದೊಂದು. ಮೈಕ್ರೋಸಾಫ್ಟ್ ಮತ್ತು ಐಬಿಎಂ ‘ವೇವ್’ ಎಂಬ ಬಗೆಯನ್ನು ಹೊರತಂದದ್ದೂ ಅದೇ ವರ್ಷ. ಒಬ್ಬರ ಡಬ್ಬಿ ಇನ್ನೊಬ್ಬರ ಕೈಯಲ್ಲಿ ತೆರೆಯುತ್ತಿರಲಿಲ್ಲ. ಹಿಂದೆ ಒಂದೊಂದು ಸೀಮೆಯ ಸೇರು ಒಂದೊಂದು ತೂಕ ಇತ್ತು ಅಂತ ಹಿರಿಯರು ಹೇಳುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಪರಿಸ್ಥಿತಿ.

1991ರ ಜುಲೈನಲ್ಲಿ ಲ್ಯಾನ್ಸ್ ನಾರ್ಸ್ಕಾಗ್ ಎಂಬುವರು ಒಂದು ಪ್ರೋಗ್ರಾಂ ಬರೆದು ಯೂಸ್‌ನೆಟ್‌ನಲ್ಲಿ ಹಾಕಿದರು. ವೆಬ್‌ಸೈಟುಗಳು ಜನರ ಕೈಗೆ ಬರುವ ಮೊದಲು ಕಂಪ್ಯೂಟರ್‌ನವರು ಪರಸ್ಪರ ಬರೆದುಕೊಳ್ಳುತ್ತಿದ್ದ ಜಾಲ ಅದು. ಊರ ಚಾವಡಿ ಗೋಡೆಗೆ ಚೀಟಿ ಅಂಟಿಸಿದ ಹಾಗೆ. ಅದರಲ್ಲಿ ಪ್ರೋಗ್ರಾಂಗಳ ಮೂಲ ಬರಹವನ್ನು ಹಂಚುವುದಕ್ಕೇ ಒಂದು ಗುಂಪಿತ್ತು. ಬೇಕಾದವರು ಎತ್ತಿಕೊಂಡು ತಮ್ಮ ಯಂತ್ರದಲ್ಲಿ ತಾವೇ ಕೂಡಿಸಿಕೊಳ್ಳಬೇಕು. ಮೊದಲ ಹೆಸರು ‘ಆರಲ್ ಎಕ್ಸ್‌ಚೇಂಜ್’. ಅದೇ ನವೆಂಬರಿನ ಎರಡನೇ ಬಿಡುಗಡೆಯಲ್ಲಿ ‘ಸೌಂಡ್ ಎಕ್ಸ್‌ಚೇಂಜ್’ ಆಯಿತು. ದುಡ್ಡು ಕೊಡಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ.

ಆರಂಭದ ದಿನಗಳಲ್ಲಿ ಇದಕ್ಕೆ ಕೈಜೋಡಿಸಿದವರಲ್ಲಿ ಗೀಡೋ ವಾನ್ ರಾಸಮ್ ಒಬ್ಬರು. ನಿಮ್ಮ ಮನೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರಿದ್ದರೆ ಪೈಥಾನ್ ಅಂತ ಒಂದು ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿರುತ್ತಾರೆ. ಅದನ್ನು ಮಾಡಿದವರು ಇವರೇ. ಆಗ ನೆದರ್‌ಲ್ಯಾಂಡ್ಸಿನ ಆಮ್‌ಸ್ಟರ್‌ಡ್ಯಾಮಿನ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದರು. ಯಾವ ಯಂತ್ರದ ಧ್ವನಿ ಫೈಲು ಹೇಗಿರುತ್ತದೆ ಎಂಬುದನ್ನೆಲ್ಲ ಒಟ್ಟುಮಾಡಿ, ಪ್ರಶ್ನೋತ್ತರದ ಒಂದು ಉದ್ದನೆಯ ಬರಹ ಮಾಡಿ ಅದನ್ನೂ ಉಚಿತವಾಗಿ ಹಂಚಿದರು. ಕಂಪನಿಗಳು ಬೀಗ ಮಾಡುತ್ತಿದ್ದಾಗ ಕೆಲವರು ಸುಮ್ಮನೆ ಕೂತು ಎಲ್ಲ ಬೀಗಗಳ ಪಟ್ಟಿ ಬರೆಯುತ್ತಿದ್ದರು ಅಂದುಕೊಳ್ಳಿ.

ಸಾಕ್ಸ್‌ನ ಒಳಗಿನ ಉಪಾಯ ಬಹಳ ಸರಳ. ನನಗೆ ಈ ಇಡೀ ಕಥೆಯಲ್ಲಿ ತುಂಬ ಹಿಡಿಸಿದ್ದು ಅದೇ. ಹತ್ತು ಬಗೆಯ ಫೈಲುಗಳಿವೆ ಅಂತಿಟ್ಟುಕೊಳ್ಳಿ. ಪ್ರತಿಯೊಂದನ್ನೂ ಉಳಿದ ಒಂಬತ್ತಕ್ಕೆ ನೇರವಾಗಿ ಬದಲಿಸಬೇಕಾದರೆ 90 ಬೇರೆ ಬೇರೆ ಪ್ರೋಗ್ರಾಂ ಬರೆಯಬೇಕು. ಸಾಕ್ಸ್ ಹಾಗೆ ಮಾಡುವುದಿಲ್ಲ. ಯಾವ ಫೈಲು ಬಂದರೂ ಮೊದಲು ತನ್ನದೇ ಒಂದು ನಡುವಿನ ರೂಪಕ್ಕೆ, ಅಂದರೆ ಒಂದೇ ಅಳತೆಯ ಅಂಕಿಗಳ ಸಾಲಿಗೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಬೇಕಾದ ಬಗೆಗೆ ಕಟ್ಟುತ್ತದೆ. ಆಗ ಹತ್ತು ಬಗೆಗೆ ಬಿಚ್ಚುವುದು ಹತ್ತು, ಕಟ್ಟುವುದು ಹತ್ತು, ಒಟ್ಟು 20 ಸಾಕು. ನಾಳೆ ಹನ್ನೊಂದನೇ ಬಗೆ ಬಂದರೆ ಎರಡು ಸೇರಿಸಿದರಾಯಿತು. ಸೇರು, ಪಾವು, ಕೊಳಗ ಯಾವುದೇ ತಂದರೂ ಮೊದಲು ಕಿಲೋಗೆ ತಂದು, ಆಮೇಲೆ ಕೇಳಿದ ಅಳತೆಯಲ್ಲಿ ಕೊಡುವ ವ್ಯಾಪಾರಿಯ ಲೆಕ್ಕ ಇದು.

ನಾರ್ಸ್ಕಾಗ್ 1995ರ ಆರಂಭದವರೆಗೆ ಇದನ್ನು ನೋಡಿಕೊಂಡರು. 1996ರ ಮೇ ತಿಂಗಳಲ್ಲಿ ಕ್ರಿಸ್ ಬ್ಯಾಗ್‌ವೆಲ್ ಎಂಬುವರು ವಹಿಸಿಕೊಂಡರು. 2000ದ ಸೆಪ್ಟೆಂಬರಿನಲ್ಲಿ ಅದನ್ನು ಸೋರ್ಸ್‌ಫೋರ್ಜ್ ಎಂಬ ತಾಣದಲ್ಲಿ ನೋಂದಾಯಿಸಿ ಹತ್ತಾರು ಜನ ಕೂಡಿ ಕೆಲಸ ಮಾಡುವ ಹಾಗೆ ಮಾಡಿದರು. ನಮ್ಮಲ್ಲಿ ಒಬ್ಬ ಭಾಗವತ ಕೂತ ಜಾಗಕ್ಕೆ ಇನ್ನೊಬ್ಬ ಬಂದು ಕೂತು ಆಟ ಮುಂದುವರಿಸುತ್ತಾನಲ್ಲ, ಹಾಗೆ. ಆ ಹೊತ್ತಿಗೆ ನಮ್ಮ ದೇಶದ ಜನರಿಗೆ ಇಂಟರ್ನೆಟ್ ಬಂದು ಐದು ವರ್ಷವಾಗಿತ್ತು. ವಿಎಸ್‌ಎನ್‌ಎಲ್ ಅದನ್ನು ಕೊಡಲು ಶುರುಮಾಡಿದ್ದು 1995ರ ಆಗಸ್ಟ್ 15ಕ್ಕೆ, ಅದೂ ದೊಡ್ಡ ಊರುಗಳಲ್ಲಿ. ನಮ್ಮ ಕಡೆ ಇನ್ನೂ ಕ್ಯಾಸೆಟ್ಟಿನ ರಾಜ್ಯ. ಪೆನ್ಸಿಲ್ ತೂರಿಸಿ ಟೇಪು ಸುತ್ತುತ್ತಿದ್ದ ನೆನಪು ನಿಮಗೂ ಇರಬಹುದು.

ಕ್ಯಾಸೆಟ್ಟಿನಿಂದ ಕಾರ್ಡಿಗೆ ಬರುವಾಗ ನಡುವೆ ಎಂಪಿ3 ಬಂತು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಇಂಜಿನಿಯರುಗಳ ಪಾತ್ರ ಇದರಲ್ಲಿ ದೊಡ್ಡದು. ಅದಕ್ಕೆ ಪೇಟೆಂಟ್ ಇತ್ತು, ಎಂಪಿ3 ಮಾಡುವ ತಂತ್ರಾಂಶ ಮಾರುವವರು ಶುಲ್ಕ ಕಟ್ಟಬೇಕಿತ್ತು. ಉಚಿತವಾಗಿ ಹಂಚುವವರು ಶುಲ್ಕ ಎಲ್ಲಿಂದ ಕಟ್ಟಬೇಕು? ರೆಡ್ ಹ್ಯಾಟ್ ಎಂಬ ಲಿನಕ್ಸ್ ಕಂಪನಿ 2002ರಲ್ಲಿ ತನ್ನ ವ್ಯವಸ್ಥೆಯಿಂದ ಎಂಪಿ3ಯನ್ನೇ ತೆಗೆದುಹಾಕಿತು. ಸಾಕ್ಸ್‌ಗೂ ಈ ಬಿಸಿ ತಟ್ಟಿತು. ಎಂಪಿ3 ಬರೆಯಲು ಬೇಕಾದ ಭಾಗವನ್ನು ಅನೇಕ ಕಡೆ ಬೇರೆಯಾಗಿ ಹುಡುಕಿ ಸೇರಿಸಿಕೊಳ್ಳಬೇಕಾಗಿತ್ತು. ಆ ಪರವಾನಗಿ ವ್ಯವಸ್ಥೆ ಮುಗಿದದ್ದು 2017ರ ಏಪ್ರಿಲ್ 23ಕ್ಕೆ. ನಮ್ಮ ಊರ ಮೊಬೈಲ್ ಅಂಗಡಿಗಳಲ್ಲಿ ಹತ್ತು ಇಪ್ಪತ್ತು ರೂಪಾಯಿಗೆ ಕಾರ್ಡು ತುಂಬ ಹಾಡು ತುಂಬಿಸಿಕೊಡುತ್ತಿದ್ದ ಕಾಲದಲ್ಲಿ ಈ ಜಗಳ ಜೋರಾಗಿತ್ತು ಅನ್ನುವುದು ಅಂಗಡಿಯವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಅದೇ ಅಂಗಡಿಗಳಲ್ಲಿ ಇನ್ನೊಂದು ಕೆಲಸವೂ ನಡೆಯುತ್ತಿತ್ತು. ‘ಕಾರ್ಡ್ ಫುಲ್ ಆಗೇತಿ, ಖಾಲಿ ಮಾಡಿ ಹೊಸಾ ಹಾಡು ಹಾಕ್ರಿ’ ಅಂದರೆ ಅವರು ಫಾರ್ಮ್ಯಾಟ್ ಹೊಡೆಯುತ್ತಿದ್ದರು. ಆ ಒಂದು ಒತ್ತಿನಲ್ಲಿ ಅಜ್ಜಿಯ ಪದವೂ ಹೋಗುತ್ತಿತ್ತು. ಯಾರನ್ನೂ ದೂರುವ ಹಾಗಿಲ್ಲ. ಹಾಡು ಮತ್ತೆ ಸಿಗುತ್ತದೆ, ಅಜ್ಜಿಯ ಪದ ಮತ್ತೆ ಸಿಗುವುದಿಲ್ಲ ಅನ್ನುವ ವ್ಯತ್ಯಾಸ ಆಗ ಯಾರ ತಲೆಗೂ ಬರಲಿಲ್ಲ, ಅಷ್ಟೇ.

ದರೋಜಿ ಈರಮ್ಮನವರ ಹೆಸರು ಇಲ್ಲಿ ಬರಲೇಬೇಕು. ಸಂಡೂರು ತಾಲೂಕಿನ ದರೋಜಿಯವರು, ಬುಡ್ಗ ಜಂಗಮ ಸಮುದಾಯದವರು, ನಾಡಿಗೆಲ್ಲ ‘ಬುರ್ರಕಥಾ ಈರಮ್ಮ’ ಎಂದೇ ಗೊತ್ತು. ಓದು ಬರಹ ಕಲಿತವರಲ್ಲ. ಕುಮಾರರಾಮನ ಕಥೆ, ಬಬ್ಬುಲಿ ನಾಗಿರೆಡ್ಡಿ ಕಥೆ ಹೀಗೆ ಅವರ ನೆನಪಿನಲ್ಲಿದ್ದದ್ದು 12 ಕಾವ್ಯ, ಅಚ್ಚು ಹಾಕಿದರೆ ಸುಮಾರು 7,000 ಪುಟ ಎಂಬುದು ಅವರ ಬಗ್ಗೆ ರೂಢಿಯಲ್ಲಿರುವ ಲೆಕ್ಕ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಆ ವಿಶ್ವವಿದ್ಯಾಲಯ ಹುಟ್ಟಿದ್ದೂ 1991ರಲ್ಲೇ, ಸಾಕ್ಸ್ ಹುಟ್ಟಿದ ವರ್ಷ. ಕಾಕತಾಳೀಯ, ಬೇರೇನಿಲ್ಲ. ಆದರೆ ಇಬ್ಬರ ಕೆಲಸ ನೋಡಿದರೆ ನನಗೆ ಹತ್ತಿರದ್ದು ಅನ್ನಿಸುತ್ತದೆ. ಬಾಯಲ್ಲಿ ಇದ್ದದ್ದನ್ನು ಪುಸ್ತಕಕ್ಕೆ ದಾಟಿಸುವುದೂ ಒಂದು ಬಗೆಯಿಂದ ಇನ್ನೊಂದು ಬಗೆಗೆ ಬದಲಿಸುವುದೇ ತಾನೆ.

ಈರಮ್ಮ 2014ರ ಆಗಸ್ಟ್ 12ರಂದು ತೀರಿಕೊಂಡರು. ಪುಸ್ತಕ ತೆರೆದರೆ ಕಥೆ ಸಿಗುತ್ತದೆ. ಯುದ್ಧದ ಪ್ರಸಂಗ ಬಂದಾಗ ದನಿ ಎಲ್ಲಿ ಏರುತ್ತದೆ, ಅಳುವ ಜಾಗದಲ್ಲಿ ಎಷ್ಟು ಹೊತ್ತು ಉಸಿರು ಹಿಡಿಯುತ್ತಾರೆ, ಹಿಮ್ಮೇಳದವರು ‘ಹೂಂ’ ಅನ್ನುವುದು ಯಾವ ಮಾತಿನ ಬೆನ್ನಿಗೆ, ಕನ್ನಡದ ನಡುವೆ ತೆಲುಗು ಎಲ್ಲಿ ನುಸುಳುತ್ತದೆ, ಇದೆಲ್ಲ ಅಕ್ಷರಕ್ಕೆ ಸಿಗದ ಸಂಗತಿ. ಅಕ್ಷರ ಎಂಬ ಡಬ್ಬಿಯೂ ಎಎಂಆರ್ ಇದ್ದ ಹಾಗೆಯೇ. ತುಂಬ ಹಿಡಿಸುತ್ತದೆ, ಆದರೆ ಏನನ್ನು ಬಿಡಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಂಡಿರುತ್ತದೆ. ಬಳ್ಳಾರಿ ಸೀಮೆಯ ಮಾತು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿದ್ದು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋಗಿ, ಉಳಿದದ್ದು ಮೈಸೂರಿಗೆ ಬಂದ ಜಿಲ್ಲೆ ನಮ್ಮದು. ಗೆರೆ ಎಳೆದರೂ ನಾಲಗೆ ಗೆರೆ ಕೇಳಲಿಲ್ಲ. ಹಲಕುಂದಿಯಂಥ ಗಡಿ ಹತ್ತಿರದ ಊರಲ್ಲಿ ಒಂದೇ ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಅದನ್ನು ಬರೆದರೆ ತಪ್ಪು ಕನ್ನಡದ ಹಾಗೆ ಕಾಣುತ್ತದೆ. ಕೇಳಿದರೆ ಮಾತ್ರ ಅದು ನಮ್ಮ ಮಾತು.

ಇನ್ನು ಎಎಂಆರ್‌ನ ಬೆಲೆ ಏನು ಅನ್ನುವುದಕ್ಕೆ ಬರೋಣ. ಸೆಕೆಂಡಿಗೆ 8,000 ಅಳತೆ ಅಂದರೆ ಅದರ ಅರ್ಧ, ಸೆಕೆಂಡಿಗೆ 4,000 ಕಂಪನದವರೆಗಿನ ದನಿ ಮಾತ್ರ ಉಳಿಯುತ್ತದೆ. ಇದು ನೈಕ್ವಿಸ್ಟ್ ಎಂಬ ಇಂಜಿನಿಯರನ ಹೆಸರಿನಲ್ಲಿರುವ ನಿಯಮ. ಎಳೆಯ ಕಿವಿ ಸುಮಾರು 20,000 ಕಂಪನದವರೆಗೆ ಕೇಳಬಲ್ಲದು. ಗೆಜ್ಜೆಯ ಝಣ್, ತಾಳದ ಕೊನೆಯ ಕಿಣಿ, ‘ಸ’ ಮತ್ತು ‘ಶ’ ನಡುವಿನ ಚೂಪು ಇವೆಲ್ಲ ಬಹುಪಾಲು ಆ ಮೇಲಿನ ಅಟ್ಟದಲ್ಲಿರುತ್ತವೆ. ಎಎಂಆರ್ ಆ ಅಟ್ಟವನ್ನೇ ಕಿತ್ತುಹಾಕಿ ದನಿಯನ್ನು ಒಳಗೆ ಕೂರಿಸುತ್ತದೆ. ಇನ್ನೂ ಒಂದು ತೊಂದರೆ. ಅದನ್ನು ಹೊಲಿದದ್ದು ಒಬ್ಬ ಮನುಷ್ಯ ಫೋನಿನಲ್ಲಿ ಮಾತಾಡುವ ಅಳತೆಗೆ. ಹತ್ತು ಜನ ಒಟ್ಟಿಗೆ ಹಾಡಿ, ಮದ್ದಳೆ ಬಾರಿಸಿ, ಹಾರ್ಮೋನಿಯಂ ಒತ್ತಿದರೆ ಅಂಗಿ ಹರಿಯುತ್ತದೆ. ಹಳೇ ರೆಕಾರ್ಡಿಂಗಿನಲ್ಲಿ ಹಾಡು ನೀರೊಳಗಿಂದ ಬಂದ ಹಾಗೆ ಗುಳುಗುಳು ಅನ್ನುವುದು ಇದಕ್ಕೇ.

ಸಾಕ್ಸ್ ಈ ಹೋದದ್ದನ್ನು ತರುವುದಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಯಾಕೆಂದರೆ ‘ಹಳೇ ಆಡಿಯೋ ಹೊಸದರ ಹಾಗೆ ಮಾಡಿಕೊಡುತ್ತೇವೆ’ ಅನ್ನುವ ಜಾಹೀರಾತುಗಳು ಫೋನಿನಲ್ಲಿ ದಿನಾ ಬರುತ್ತವೆ. ಬತ್ತಿದ ಬಾವಿಗೆ ಸ್ಟೀಲ್ ಬಕೆಟ್ ಇಳಿಸಿದರೆ ನೀರು ಬರುವುದಿಲ್ಲ. ಎಎಂಆರ್ ಫೈಲನ್ನು ವೇವ್ ಮಾಡಿದರೆ ಅದು ದೊಡ್ಡದಾಗುತ್ತದೆ, ಎಲ್ಲ ಕಡೆ ತೆರೆಯುತ್ತದೆ, ಮುಂದೆ ಕೆಡುವುದಿಲ್ಲ. ಚೆನ್ನಾಗಿ ಆಗುವುದಿಲ್ಲ. ಆದರೆ ಇದ್ದಷ್ಟನ್ನು ಕೇಳುವ ಹಾಗೆ ಮಾಡುವ ಕೈಚಳಕ ಅದಕ್ಕೆ ಇದೆ. ಮೊದಲಿನ ಗದ್ದಲ ಕತ್ತರಿಸುವುದು, ನಡುವಿನ ಮೌನ ತೆಗೆಯುವುದು, ಕಡಿಮೆ ದನಿಯನ್ನು ಏರಿಸುವುದು, ಮೈಕಿನ ‘ಗುಂಯ್’ ಅನ್ನುವ ತಳದ ಸದ್ದು ಸೋಸುವುದು. ಎಲ್ಲಕ್ಕೂ ಒಂದೊಂದು ಪದ, ಸಾಲಿನ ಕೊನೆಗೆ ಸೇರಿಸಿದರಾಯಿತು.

ಗದ್ದಲ ಸೋಸುವ ರೀತಿ ಕೇಳಲು ಚೆಂದ ಇದೆ. ಯಾರೂ ಮಾತಾಡದ, ಬರೀ ಫ್ಯಾನೋ ಜನರೇಟರೋ ಕೇಳುವ ಎರಡು ಸೆಕೆಂಡು ತುಣುಕನ್ನು ಮೊದಲು ಅದಕ್ಕೆ ತೋರಿಸಬೇಕು. ‘ಇದು ಕಳ್ಳ, ಚಹರೆ ನೋಡಿಕೋ’ ಅಂತ. ಅದು ಚಹರೆ ಬರೆದಿಟ್ಟುಕೊಂಡು ಇಡೀ ರೆಕಾರ್ಡಿಂಗಿನಿಂದ ಆ ಕಳ್ಳನನ್ನು ಹುಡುಕಿ ತೆಗೆಯುತ್ತದೆ. ಎಷ್ಟು ಬಿಗಿಯಾಗಿ ಅನ್ನುವುದಕ್ಕೆ 0ಯಿಂದ 1ರ ನಡುವೆ ಒಂದು ಅಂಕಿ ಕೊಡಬೇಕು. ಜಾಸ್ತಿ ಕೊಟ್ಟರೆ ಕಳ್ಳನ ಜೊತೆ ಮನೆಯವರೂ ಹೋಗುತ್ತಾರೆ, ಹಾಡುವವರ ದನಿ ತಗಡಿನ ಹಾಗಾಗುತ್ತದೆ. ಅದಕ್ಕೇ ಮೂಲ ಫೈಲನ್ನು ಮುಟ್ಟದೆ ಪಕ್ಕಕ್ಕಿಟ್ಟು, ನಕಲಿನ ಮೇಲೆ ಮಾತ್ರ ಪ್ರಯೋಗ ಮಾಡಬೇಕು.

ಈಗ ಎಲ್ಲರೂ ವಾಟ್ಸಾಪ್‌ನಲ್ಲಿ ದನಿ ಕಳಿಸುತ್ತಾರೆ. 2013ರ ಆಗಸ್ಟಿನಲ್ಲಿ ಬಂದ ಸೌಲಭ್ಯ ಅದು. ನಮ್ಮಂಥ ಸ್ಟ್ರಿಂಗರ್‌ಗಳ ಸುದ್ದಿ ಅರ್ಧ ಬರುವುದೇ ಹಾಗೆ. ‘ಅಣ್ಣಾ, ವಾಯ್ಸ್ ಹಾಕೀನಿ, ಕೇಳ್ರಿ’. ಅದರ ಡಬ್ಬಿಯ ಹೆಸರು ಓಪಸ್, 2012ರಲ್ಲಿ ಪ್ರಮಾಣಿತವಾದದ್ದು. ಎಎಂಆರ್‌ಗಿಂತ ಎಷ್ಟೋ ಮೇಲು, ಯಾರಿಗೂ ಶುಲ್ಕ ಕಟ್ಟಬೇಕಿಲ್ಲ. ಸಾಕ್ಸ್ ಇದನ್ನೂ ಓದಬಲ್ಲದು. ಆದರೆ ಹಳೇ ಎಎಂಆರ್ ದನಿಯನ್ನು ಸ್ಪೀಕರಿನಲ್ಲಿ ಹಾಕಿ, ಇನ್ನೊಂದು ಫೋನಿನಲ್ಲಿ ವಾಯ್ಸ್ ಮೆಸೇಜ್ ಮಾಡಿ, ಅದನ್ನು ಯಾರೋ ಎಂಪಿ3 ಮಾಡಿ, ಇನ್ಯಾರೋ ವಿಡಿಯೋಗೆ ಸೇರಿಸುತ್ತಾರೆ. ಪಹಣಿಯ ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸ್ ತಂದರೆ ಸರ್ವೆ ನಂಬರೇ ಕಾಣುವುದಿಲ್ಲವಲ್ಲ, ಹಾಗಾಗುತ್ತದೆ. ಹಿಂಡುವ ಬಗೆಯಿಂದ ಹಿಂಡುವ ಬಗೆಗೆ ದಾಟಿಸಿದಾಗಲೆಲ್ಲ ಒಂದಷ್ಟು ಸೋರುತ್ತದೆ.

ಈ ದನಿಗಳಿಗೆ ಇತ್ತೀಚೆಗೆ ಹೊಸ ಗಿರಾಕಿ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್ಟ್‌ಪಾರ್ಕ್, ಗೂಗಲ್ ಜೊತೆ ಸೇರಿ ‘ವಾಣಿ’ ಎಂಬ ಯೋಜನೆ ನಡೆಸುತ್ತಿವೆ. ಜಿಲ್ಲೆ ಜಿಲ್ಲೆಗೆ ಹೋಗಿ, ಜನರಿಗೆ ಚಿತ್ರ ತೋರಿಸಿ, ಅದರ ಬಗ್ಗೆ ತಮ್ಮ ಮಾತಿನಲ್ಲಿ ಹೇಳಿಸಿ ರೆಕಾರ್ಡ್ ಮಾಡುವುದು. ಬಳ್ಳಾರಿಯೂ ಆ ಪಟ್ಟಿಯಲ್ಲಿದೆ. ಫೋನಿಗೆ ಮಾತಾಡಿದರೆ ಅದು ಅರ್ಥಮಾಡಿಕೊಳ್ಳಬೇಕು, ಅದೂ ನಮ್ಮ ಮಾತನ್ನು, ಎಂಬುದು ಉದ್ದೇಶ. ಇಂಥ ಕೆಲಸದಲ್ಲಿ ಸಾವಿರಾರು ಫೋನುಗಳಿಂದ ಬಗೆಬಗೆಯ ಫೈಲು ಬಂದರೆ ಎಲ್ಲವನ್ನೂ ಒಂದೇ ಅಳತೆಗೆ, ಸಾಮಾನ್ಯವಾಗಿ ಸೆಕೆಂಡಿಗೆ 16,000ಕ್ಕೆ ತರಬೇಕು. ಮಾತು ಗುರುತಿಸುವ ಸಂಶೋಧನೆಯಲ್ಲಿ ವರ್ಷಗಟ್ಟಲೆ ಬಳಕೆಯಾದ ‘ಕಾಲ್ಡಿ’ ಎಂಬ ಉಪಕರಣದ ಪಾಕವಿಧಾನಗಳನ್ನು ತೆರೆದು ನೋಡಿದರೆ ಆ ಕೆಲಸಕ್ಕೆ ಅಲ್ಲಲ್ಲಿ ಕೂತಿರುವುದು ಇದೇ ಸಾಕ್ಸ್. ಮದುವೆ ಮನೆಯಲ್ಲಿ ಊಟ ಬಡಿಸುವವರು ಎಲ್ಲರಿಗೂ ಕಾಣುತ್ತಾರೆ. ಹಿತ್ತಲಲ್ಲಿ ಅಕ್ಕಿ ಆರಿಸಿ ಕೊಟ್ಟವರು ಕಾಣುವುದಿಲ್ಲ.

ನನ್ನ ಚಿಂತೆ ಬೇರೆ. ಇಂದು ಚಿತ್ರ ನೋಡಿ ಮಾತಾಡುವವರು ಇಂದಿನ ಬಳ್ಳಾರಿಯವರು. ಇಪ್ಪತ್ತು ವರ್ಷದ ಹಿಂದೆ ಬೀಸೋಕಲ್ಲಿನ ಪದ ಹೇಳುತ್ತಿದ್ದವರ ಮಾತು, ಸಜ್ಜೆ ನವಣೆಯ ತಳಿಗಳ ಹೆಸರು, ಎತ್ತು ಹೊಡೆಯುವಾಗಿನ ಕೂಗು ಇವೆಲ್ಲ ಆ ಸಂಗ್ರಹಕ್ಕೆ ಎಲ್ಲಿಂದ ಬರಬೇಕು? ಅವು ಇರುವುದು ಟ್ರಂಕಿನ ಕೀಪ್ಯಾಡ್ ಫೋನಿನಲ್ಲೇ. ಮೆಮೊರಿ ಕಾರ್ಡಿಗೂ ಆಯಸ್ಸಿದೆ. ವರ್ಷಗಟ್ಟಲೆ ವಿದ್ಯುತ್ ತಾಗದೆ ಬಿದ್ದಿದ್ದರೆ ಅದರೊಳಗಿನ ಚಾರ್ಜು ನಿಧಾನಕ್ಕೆ ಸೋರಿ ಫೈಲು ಹಾಳಾಗಬಹುದು.

ಸಾಕ್ಸ್‌ಗೂ ವಯಸ್ಸಾಗಿದೆ ಅನ್ನುವುದನ್ನು ಮುಚ್ಚಿಡಬಾರದು. ಮೂಲ ತಂಡದಿಂದ ಬಂದ 14.4.2 ಎಂಬ ಆವೃತ್ತಿಯ ತಾರೀಖು 2015ರ ಫೆಬ್ರವರಿ 22. ಆಮೇಲೆ ಅಲ್ಲಿಂದ ದೊಡ್ಡ ಬಿಡುಗಡೆ ಬರಲಿಲ್ಲ. ಭದ್ರತೆಯ ತೂತುಗಳು ಕಂಡಾಗ ಡೆಬಿಯನ್‌ನಂಥ ಲಿನಕ್ಸ್ ಬಳಗದವರು ತೇಪೆ ಹಾಕುತ್ತ ಬಂದರು. 2024ರಲ್ಲಿ ‘ಸಾಕ್ಸ್ ಎನ್‌ಜಿ’ ಎಂಬ ಹೊಸ ಕವಲು ಹೊರಟು ಚೆದುರಿದ್ದ ತೇಪೆಗಳನ್ನು ಒಟ್ಟುಗೂಡಿಸಿದೆ. ಅತ್ತ 2000ದಲ್ಲಿ ಫ್ರಾನ್ಸಿನ ಫಾಬ್ರಿಸ್ ಬೆಲಾರ್ ಶುರುಮಾಡಿದ ಎಫ್‌ಎಫ್‌ಎಂಪೆಗ್ ಎಂಬ ಸಾಧನ ದನಿ, ವಿಡಿಯೋ ಎರಡನ್ನೂ ದಾಟಿಸುತ್ತ ಬಹಳ ಮುಂದೆ ಹೋಗಿದೆ. 3ಜಿಪಿ ಫೈಲಿದ್ದರೆ ಅದೇ ವಾಸಿ. ಬರೀ ದನಿ ಸೋಸಿ ತಿದ್ದುವುದಿದ್ದರೆ ನನಗೆ ಈಗಲೂ ಸಾಕ್ಸ್ ಹಗುರ ಅನ್ನಿಸುತ್ತದೆ.

ಮಾಡುವುದು ಹೇಗೆ ಅಂತ ಕೇಳುವವರಿಗೆ: ಊರಲ್ಲಿ ಡಿಗ್ರಿಯೋ ಡಿಪ್ಲೊಮಾನೋ ಓದುವ, ಲ್ಯಾಪ್‌ಟಾಪ್ ಇರುವ ಒಬ್ಬರನ್ನು ಹಿಡಿಯಿರಿ. ಆಂಡ್ರಾಯ್ಡ್ ಫೋನಿನಲ್ಲೂ ಟರ್ಮಕ್ಸ್ ಎಂಬ ಆ್ಯಪ್ ಹಾಕಿಕೊಂಡು ಸಾಕ್ಸ್ ಓಡಿಸಬಹುದು, ಕಣ್ಣಿಗೆ ಸ್ವಲ್ಪ ಕಷ್ಟ. ಕಾರ್ಡಿನಲ್ಲಿರುವುದನ್ನೆಲ್ಲ ಮೊದಲು ಇದ್ದ ಹಾಗೆಯೇ ನಕಲು ಮಾಡಿಕೊಳ್ಳಿ, ಒಂದನ್ನೂ ಅಳಿಸಬೇಡಿ. ಆಮೇಲೆ ಕರಿ ಪರದೆಯಲ್ಲಿ ‘ಸಾಕ್ಸ್’ ಅಂತ ಇಂಗ್ಲಿಷಿನಲ್ಲಿ ಬರೆದು, ಒಂದು ಜಾಗ ಬಿಟ್ಟು ಹಳೇ ಫೈಲಿನ ಹೆಸರು, ಮತ್ತೊಂದು ಜಾಗ ಬಿಟ್ಟು ಹೊಸ ಫೈಲಿನ ಹೆಸರು. ಹೊಸ ಹೆಸರಿನ ಬಾಲಕ್ಕೆ ವೇವ್ ಅಂತಲೋ ಫ್ಲಾಕ್ ಅಂತಲೋ ಇರಲಿ, ಎಂಪಿ3 ಬೇಡ. ಫ್ಲಾಕ್ 2001ರಲ್ಲಿ ಬಂದ ಬಗೆ, ಜಾಗ ಉಳಿಸುತ್ತದೆ, ಏನನ್ನೂ ಬಿಸಾಕುವುದಿಲ್ಲ. ಎಎಂಆರ್ ಓದುವ ಭಾಗ ಕೆಲವು ಕಡೆ ಬೇರೆಯಾಗಿ ಸೇರಿಸಿಕೊಳ್ಳಬೇಕಾಗುತ್ತದೆ, ಲ್ಯಾಪ್‌ಟಾಪಿನ ಹುಡುಗರಿಗೆ ಅದು ಕಷ್ಟವಲ್ಲ.

ಫೈಲಿನ ಹೆಸರು ‘ರೆಕಾರ್ಡ್ 0047’ ಅಂತಲೇ ಬಿಡಬೇಡಿ. ಸಾಕ್ಸ್‌ನಲ್ಲಿ ಫೈಲಿನ ಒಳಗೇ ಟಿಪ್ಪಣಿ ಬರೆದಿಡಲು ಬರುತ್ತದೆ. ಹಾಡಿದವರು ಯಾರು, ಯಾವ ಊರು, ಯಾವ ಜಾತ್ರೆ ಅಥವಾ ಯಾರ ಮದುವೆ, ಸುಮಾರು ಯಾವ ವರ್ಷ. ಇದನ್ನು ಹೇಳಬಲ್ಲವರು ಇನ್ನೂ ಇದ್ದಾರೆ, ಕಟ್ಟೆಯ ಮೇಲೆ ಕೂತಿದ್ದಾರೆ, ಅವರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಕೇಳಿ ಬರೆಯಿರಿ. ಹಾಡಿದವರ ಮನೆಯವರನ್ನು ಕೇಳದೆ ಯೂಟ್ಯೂಬಿಗೆ ಹಾಕಬೇಡಿ, ಅವರಿಗೊಂದು ನಕಲು ಕೊಡಿ.

ಎಂಟು ತಾಸಿನ ಆ ಬಯಲಾಟ ಎಎಂಆರ್‌ನಿಂದ ವೇವ್ ಆದರೆ ಸುಮಾರು 460 ಎಂ.ಬಿ. ಆಗುತ್ತದೆ. ದಾಟಿಸುವುದಕ್ಕೆ ಸಾಧಾರಣ ಲ್ಯಾಪ್‌ಟಾಪಿಗೆ ಒಂದು ಚಾ ಕುಡಿದು ಲೋಟ ಕೆಳಗಿಡುವಷ್ಟು ಹೊತ್ತೂ ಬೇಡ.